ಮೇಲೆ ಬಾ ಎಂದವಳು

"ಕಮ್ ಅಪ್ ಅಂದ್ರೆ… ಮೇಲೆ ಬಾ."

ಟೀಚರ್ ಇಷ್ಟು ಹೇಳಿದ್ದೇ ತಡ, ಕೊನೆಯ ಬೆಂಚಿನಲ್ಲಿದ್ದವನ ಕೈಯಿಂದ ಚಹಾದ ಲೋಟ ಜಾರಿ ನೆಲಕ್ಕೆ ಬಿತ್ತು.

ಅವನು ಲೋಟದ ಕಡೆ ನೋಡಲಿಲ್ಲ. ಅವಳನ್ನೇ ನೋಡುತ್ತಿದ್ದ. ಮುಖ ಬಿಳಿಚಿಕೊಂಡಿತ್ತು.

"ಇನ್ನೊಂದು ಸಲ ಹೇಳಿ," ಎಂದ.

"ಮೇಲೆ ಬಾ," ಎಂದಳು ಅವಳು, ಏನೂ ತಿಳಿಯದೆ.

ಅವನು ಎದ್ದು ಹೊರಗೆ ನಡೆದುಬಿಟ್ಟ.

ಅದು ಶಾಲೆಯಲ್ಲ, ಜಲಾಶಯದ ದಡದಲ್ಲಿದ್ದ ತಗಡಿನ ಶೆಡ್ಡು. ಅಣೆಕಟ್ಟಿನ ತಳದ ಗೇಟು ಪೂರ್ತಿ ಮುಚ್ಚದೆ ಕೆಟ್ಟು ನಿಂತಿತ್ತು; ಸರಿಮಾಡಲು ಡೈವರ್‌ಗಳ ತಂಡ ಬಂದಿತ್ತು. ಉಸ್ತುವಾರಿಗೆ ಬರಲಿದ್ದ ಎಂಜಿನಿಯರ್ ಹೊರದೇಶದವನು, ಇಂಗ್ಲಿಷ್ ಬಿಟ್ಟರೆ ಬೇರೆ ಬಾರದು. ನೀರಿನ ಆಳದಿಂದ ಫೋನಿನಲ್ಲಿ ಅವನೊಡನೆ ಮಾತಾಡಬೇಕಾದವರಿಗೆ ಏರುವ, ಹೆಚ್ಚುವ ಮಾತುಗಳನ್ನಾದರೂ ಕಲಿಸಿಕೊಡಿ ಎಂದು ಟೀಚರನ್ನು ಕರೆಸಿದ್ದರು. ಅವಳ ಅಣ್ಣ ಅಲ್ಲೇ ವಿದ್ಯುದಾಗಾರದಲ್ಲಿ ಕೆಲಸಕ್ಕಿದ್ದ. ಅಣ್ಣ, ಅತ್ತಿಗೆಯ ಜೊತೆ ಅವಳೂ ಕ್ವಾರ್ಟರ್ಸಿನಲ್ಲಿದ್ದಳು.

ಹೊರಗೆ ಹೋದವನನ್ನು ತಂಡದವರೆಲ್ಲ ಮಿಂಚುಳ್ಳಿ ಎನ್ನುತ್ತಿದ್ದರು. ಆ ಹಕ್ಕಿಯ ಹಾಗೆ ಗುರಿಯಿಟ್ಟು ಮುಳುಗಿ, ಕೆಲಸ ಮುಗಿಸಿಯೇ ಮೇಲೇಳುವವನು.

'ನನ್ನ ಪಾಠ ಅಷ್ಟು ಬೇಸರವಾ? ಇಲ್ಲ, ನನ್ನ ಮುಖವೇ ಹಿಡಿಸಲಿಲ್ಲವಾ?' ಎಂದು ಅವಳ ಮನಸ್ಸು ಮುದುಡಿತು. ಯಾಕೋ ಆ ಕಣ್ಣುಗಳು ಮಾತ್ರ ಮರೆಯಾಗಲಿಲ್ಲ…

ಮರುದಿನ ಅವನ ಜಾಗ ಖಾಲಿಯಿತ್ತು. ಅವಳು ಮನೆಯ ಮಾತಿನಿಂದಲೇ ಪಾಠ ಹಿಡಿದಳು. ಬಾಡಿಗೆ ಗೋ ಅಪ್ ಆಗುತ್ತದೆ, ಮಕ್ಕಳು ಗ್ರೋ ಅಪ್ ಆಗುತ್ತಾರೆ, ತೊಳೆಯದ ಪಾತ್ರೆ ಪೈಲ್ ಅಪ್ ಆಗುತ್ತದೆ, ಜ್ವರ ಶೂಟ್ ಅಪ್ ಆಗುತ್ತದೆ. ಬಿಲ್ಡ್ ಅಪ್ ಎಂದಾಗ ಒಬ್ಬ, ಅಂದರೆ ಜಂಬ ಕೊಚ್ಚುವುದಲ್ಲವೇ ಎಂದು ಕೇಳಿ ಎಲ್ಲರನ್ನೂ ನಗಿಸಿದ. ಒತ್ತಡ ಸ್ವಲ್ಪಸ್ವಲ್ಪವೇ ಕೂಡಿಕೊಳ್ಳುವುದೂ ಬಿಲ್ಡ್ ಅಪ್ಪೇ ಎಂದು ಅವಳು ತಿದ್ದಿದಳು. ಪಿಕ್ ಅಪ್ ವಿವರಿಸುವ ಕಷ್ಟವೇ ಬರಲಿಲ್ಲ. ಪಿಕಪ್ ಇಲ್ಲದ ಬೈಕು ಎಲ್ಲರ ಮನೆಯಲ್ಲೂ ಇತ್ತು. ಕೊನೆಗೆ, ಗೋ ಅಪ್‌ಗೂ ಕಮ್ ಅಪ್‌ಗೂ ಏನು ವ್ಯತ್ಯಾಸ ಎಂದು ಕೇಳಿದರು.

"ಮೇಲೆ ಯಾರೋ ನಿಂತು ಕರೀತಾ ಇದ್ರೆ, ಅದು ಕಮ್ ಅಪ್."

ಆಗ ಕಿಟಕಿಯ ಆಚೆ ಯಾರೋ ಉಸಿರೆಳೆದುಕೊಂಡ ಸದ್ದಾಯಿತು.

ಪಾಠ ಮುಗಿಸಿ ಹೋಗಿ ನೋಡಿದಳು. ಕಿಟಕಿಯ ಕೆಳಗಿನ ಸಿಮೆಂಟಿನ ಮೇಲೆ ಒದ್ದೆ ಹೆಜ್ಜೆಗಳಿದ್ದವು. ನೀರಿನ ಕಡೆಯಿಂದ ಬಂದ ಗುರುತಿತ್ತು, ಹೋದ ಗುರುತಿರಲಿಲ್ಲ. ಅದರ ಮರುದಿನವೂ ಹಾಗೆಯೇ. ಆಚೆ ದಿನವೂ…

ದೋಣಿಕಟ್ಟೆಯಲ್ಲಿ ಮಿಂಚುಳ್ಳಿ ಎದುರಾದಾಗ, ಕೇಳಿಯೇಬಿಡೋಣವೆಂದು ಅವಳು ಬಾಯಿ ತೆರೆದಳು. ಅವನು ತಿರುಗಿ, ಬಂದ ದಾರಿಯಲ್ಲೇ ಹೊರಟುಹೋದ. ಅವಳ ಕಣ್ಣು ತುಂಬಿತು. ಇಷ್ಟು ತಿರಸ್ಕಾರವಾ!

ಅದನ್ನು ಕಂಡವನು ತಂಡದ ಮುಖ್ಯಸ್ಥ. ಮಿಂಚುಳ್ಳಿಯ ಸೋದರಮಾವ, ಊರಿಗೆಲ್ಲ ಮಾವ.

"ಅವನಿಗೆ ನಿಮ್ಮ ಮೇಲೆ ಸಿಟ್ಟಿಲ್ಲ ಮೇಡಂ. ಭಯ."

ಮಾವ ಹೇಳಿದ್ದು ಹೀಗೆ. ಹೋದ ಬೇಸಿಗೆಯಲ್ಲಿ, ಬೇರೊಂದು ಜಲಾಶಯದ ತಳದಲ್ಲಿ ಕೆಸರು ಕದಡಿ ಮಿಂಚುಳ್ಳಿಗೆ ಮೇಲೆ ಯಾವುದು, ಕೆಳಗೆ ಯಾವುದು ತಿಳಿಯದೆ ಹೋಯಿತು. ಆಗ ಕಿವಿಯ ಹತ್ತಿರವೇ ಒಂದು ಹೆಣ್ಣುದನಿ 'ಮೇಲೆ ಬಾ' ಎಂದಿತು. ಅದನ್ನು ಹಿಡಿದೇ ಅವನು ಬದುಕಿ ಬಂದ. ಆದರೆ ಅಂದು ಮೇಲೆ ಒಬ್ಬ ಹೆಂಗಸೂ ಇರಲಿಲ್ಲ. ಡೈವರ್‌ಗಳಲ್ಲಿ ಒಂದು ಹಳೆಯ ಮಾತಿದೆ: ಆಳದಲ್ಲಿ ಕೇಳುವ ದನಿ ಒಮ್ಮೆ ಉಳಿಸುತ್ತದೆ, ಎರಡನೇ ಸಲ ಕರೆದರೆ ಒಯ್ಯುತ್ತದೆ. ಮೊದಲ ದಿನ ಟೀಚರ್ ಬಾಯಿಂದ ಬಂದದ್ದು ಅದೇ ದನಿ!

ಮನೆಗೆ ಬಂದು ಅವಳು ಇದನ್ನು ತಮಾಷೆಯಂತೆ ಅತ್ತಿಗೆಗೆ ಹೇಳಿದಳು. ಬಟ್ಟೆ ಮಡಚುತ್ತಿದ್ದ ಅತ್ತಿಗೆಯ ಕೈ ನಿಂತಿತು.

"ಹೋದ ಬೇಸಿಗೇಲಿ ನಿಂಗೆ ಜ್ವರ ಏರಿ ಪ್ರಜ್ಞೆನೇ ಇರ್ಲಿಲ್ಲ, ನೆನಪಿದ್ಯಾ? ಮಧ್ಯಾಹ್ನ ಪೂರ್ತಿ ನೆಲ ನೋಡ್ಕೊಂಡು ಕೂಗ್ತಿದ್ದೆ ಕಣೆ. ಮೇಲೆ ಬಾ, ಮೇಲೆ ಬಾ ಅಂತ. ನಿಮ್ಮಣ್ಣ ಗಾಬರಿ ಬೀಳ್ತಾರೆ ಅಂತ ಯಾರಿಗೂ ಹೇಳ್ಲಿಲ್ಲ."

ಅವಳು ಕಿಟಕಿಯಾಚೆ ಕಾಣುವ ನೀರಿನ ಕಡೆ ತಿರುಗಿದಳು. 'ಕಂಡು ಕೇಳರಿಯದವನನ್ನು ನಾನು ಕರೆದಿದ್ದೆನಾ? ಹಾಗಾದರೆ ಇನ್ನೊಮ್ಮೆ ಕರೆದರೆ…'

ಇನ್ನು ಪಾಠಕ್ಕೆ ಬರುವುದಿಲ್ಲ ಎಂದು ಅವಳು ಮಾವನಿಗೆ ಹೇಳಿ ಕಳುಹಿಸಿದಳು. ಆದರೆ ಅಷ್ಟರಲ್ಲಿ ಹೊಳೆಯ ಮೇಲ್ಭಾಗದಲ್ಲಿ ಮಳೆ ಹಿಡಿದು ಜಲಾಶಯದ ಮಟ್ಟ ಏರತೊಡಗಿತು. ನೀರು ಇನ್ನಷ್ಟು ಏರಿದರೆ ಗೇಟಿನ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. ಎಂಜಿನಿಯರ್ ತರಾತುರಿಯಲ್ಲಿ ಬಂದಿಳಿದ. ಅವನ ಮಾತು ತಿಳಿಸಲು ಫೋನಿನ ಕೋಣೆಯಲ್ಲಿ ಟೀಚರ್ ಕೂರಲೇಬೇಕಾಯಿತು.

ಇಳಿಯುವ ಮುಂಚೆ ಮಿಂಚುಳ್ಳಿ ಬಾಗಿಲಿಗೆ ಬಂದು ನಿಂತ.

"ನಾನು ಕೆಳಗಿರೋವಾಗ ನೀವು ಮಾತಾಡಬೇಡಿ."

ಅವಳು ತಲೆಯಾಡಿಸಿದಳು. ಮೇಜಿನ ಮೇಲಿದ್ದ ಹಾಳೆ, ಪೆನ್ನು ಹತ್ತಿರಕ್ಕೆ ಎಳೆದುಕೊಂಡಳು.

ಬೆಳಗಿನ ಬಿಸಿಲಿನಲ್ಲೂ ಆ ನೀರು ಕಪ್ಪಗಿತ್ತು. ಅವನ ಹಳದಿ ಹೆಲ್ಮೆಟ್ಟನ್ನು ಅದು ಸದ್ದಿಲ್ಲದೆ ನುಂಗಿತು. ಎಂಜಿನಿಯರ್‌ಗೆ ಹೇಳಬೇಕಾದ್ದನ್ನೂ, ಮಾವ ಫೋನಿನಲ್ಲಿ ಕೆಳಗೆ ತಿಳಿಸಬೇಕಾದ್ದನ್ನೂ ಅವಳು ಹಾಳೆಯ ಮೇಲೆ ಗೀಚಿ ತೋರಿಸುತ್ತಿದ್ದಳು. ಸ್ಪೀಕರಿನಲ್ಲಿ ಮಿಂಚುಳ್ಳಿಯ ಉಸಿರು ಕೇಳುತ್ತಿತ್ತು. ಆಮೇಲೆ ಮಾತು: "ಪ್ರೆಶರ್ ಬಿಲ್ಡಿಂಗ್ ಅಪ್." ಕಿಟಕಿಯಾಚೆ ನಿಂತೇ ಕಲಿತಿದ್ದ!

ಆಮೇಲೆ ಲೋಹ ಲೋಹವನ್ನು ಉಜ್ಜಿದ ಸದ್ದು. ಆಮೇಲೆ ಏನೂ ಇಲ್ಲ.

ಫೋನಿನ ತಂತಿ ತುಂಡಾಗಿತ್ತು. ಗಾಳಿಯ ಪೈಪು ಎಲ್ಲೋ ಸಿಕ್ಕಿಕೊಂಡಿತ್ತು. ಎಳೆದು ಸನ್ನೆ ಮಾಡಿದರೆ ಉತ್ತರವಿಲ್ಲ. ಗಾಳಿಯ ಒತ್ತಡ ತೋರಿಸುವ ಮೀಟರಿನ ಮುಳ್ಳು ಮಾತ್ರ ಇನ್ನೂ ಅಲುಗುತ್ತಿತ್ತು, ಅವನು ಉಸಿರಾಡುತ್ತಿದ್ದ. ನೆರವಿಗೆ ಇಳಿದ ಇನ್ನೊಬ್ಬ ಡೈವರ್ ತನ್ನ ಕೈಯೇ ತನಗೆ ಕಾಣುವುದಿಲ್ಲವೆಂದು ಮರಳಿ ಬಂದ.

'ಮಾತಾಡಿದರೆ ನೀರು ಅವನನ್ನು ಒಯ್ಯುತ್ತದೆ. ಮಾತಾಡದಿದ್ದರೆ?'

ಅವಳು ಮೈಕನ್ನು ಎಳೆದುಕೊಂಡಳು.

"ಮೇಲೆ ಬಾ," ಎಂದಳು. "ಮೇಲೆ ಬಾ… ಮೇಲೆ ಬಾ…"

"ಲೈನು ಸತ್ತಿದೆ ಮೇಡಂ," ಎಂದ ಮಾವ. ಅವನ ಕಣ್ಣಲ್ಲಿ ನೀರಿತ್ತು.

ಅವಳು ನಿಲ್ಲಿಸಲಿಲ್ಲ. ದನಿ ಒಡೆಯಿತು, ತುಟಿ ಒಣಗಿತು, ಅದೇ ಮಾತು ನಡೆದೇ ಇತ್ತು. ಎಷ್ಟು ಹೊತ್ತಾಯಿತೋ, ಹೊರಗಿನವರ ಕೈಯಲ್ಲಿ ಪೈಪು ಸಡಿಲವಾಯಿತು. ಯಾರೂ ನಿರೀಕ್ಷಿಸದ ಕಡೆ ಗುಳ್ಳೆಗಳು ಎದ್ದವು. ಅವುಗಳ ಹಿಂದೆಯೇ ಹಳದಿ ಹೆಲ್ಮೆಟ್ಟು.

ಆಳದಿಂದ ಒಂದೇ ಉಸಿರಿಗೆ ಎದ್ದು ಬಂದವನ ರಕ್ತದಲ್ಲಿ ಗಾಳಿಯ ಗುಳ್ಳೆ ಕಟ್ಟುತ್ತದೆ. ಅದಕ್ಕೆ ಅವನನ್ನು ಉಕ್ಕಿನ ಚೇಂಬರಿನೊಳಗೆ ಮಲಗಿಸಿ, ಒತ್ತಡ ಏರಿಸಿ, ನಿಧಾನವಾಗಿ ಇಳಿಸತೊಡಗಿದರು. ದಪ್ಪ ಗಾಜಿನ ಪುಟ್ಟ ಕಿಟಕಿಯಲ್ಲಿ ಅವನ ಮುಖ ಕಾಣುತ್ತಿತ್ತು. ಮಾವ ಅವಳ ಕೈಗೆ ಫೋನು ಕೊಟ್ಟು ಹೊರಗೆ ಹೋದ.

ಒಳಗಿನ ಒತ್ತಡದ ಗಾಳಿಯಲ್ಲಿ ಅವನ ದನಿ ಬಾತುಕೋಳಿಯ ಹಾಗಾಗಿತ್ತು. ಅವಳು ಅಳುತ್ತಲೇ ನಕ್ಕಳು.

"ತಂತಿ ತುಂಡಾಗಿತ್ತು. ನಿಮಗೆ ಹೇಗೆ ಕೇಳಿಸ್ತು?"

"ಗೊತ್ತಿಲ್ಲ. ಆ ಕತ್ತಲಲ್ಲಿ ನಿಮ್ಮ ದನಿ ಒಂದೇ ಇತ್ತು. ಮೇಲೆ ಬಾ ಅಂದ್ರಿ. ಆಮೇಲೆ, ನಿನ್ನ ಬಿಟ್ಟು ನಾನು ಮನೆಗೆ ಹೋಗಲ್ಲ ಅಂದ್ರಿ."

ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು.

"ಅದನ್ನ ನಾನು ಬಾಯಿಬಿಟ್ಟು ಹೇಳಿರ್ಲಿಲ್ಲ."

"ಮನಸ್ಸಲ್ಲಿತ್ತಾ?"

"ಇತ್ತು."

ಆಮೇಲೆ ಅವಳು ಜ್ವರದ ಮಧ್ಯಾಹ್ನದ ಸಂಗತಿ ಹೇಳಿದಳು. ಅವನು ಕಣ್ಣು ಮುಚ್ಚಿ ಕೇಳಿದ.

"ಸಾಯೋ ಭಯ ಅಂತ ಮಾವ ಅಂದ್ಕೊಂಡ," ಎಂದ. "ಅಷ್ಟೇ ಆಗಿದ್ರೆ ಕಿಟಕಿ ಹತ್ರ ದಿನಾ ಯಾಕೆ ಬರ್ತಿದ್ದೆ? ಒಯ್ದರೂ ಪರವಾಗಿಲ್ಲ, ಆ ದನಿ ಕೇಳ್ಬೇಕು ಅನ್ಸೋದು. ಅದಕ್ಕೇ ಹೆದರಿದ್ದು. ಒಂದು ವರ್ಷದಿಂದ ಹುಡುಕಿದವಳು ಎದುರಿಗೆ ಸಿಕ್ಕಾಗ ಓಡಿಹೋದೆ. ಇನ್ನು ಓಡಲ್ಲ."

"ಈಗ ಓಡೋಕೆ ಬಾಗಿಲೂ ತೆಗೆಯಲ್ವಲ್ಲ."

ಅವನು ನಕ್ಕ. "ಅಲ್ಲ, ಮೈಕಲ್ಲಿ ಏಕವಚನದಲ್ಲೇ ಕರೆದ್ರಲ್ಲ ನನ್ನ?"

"ಪ್ರಾಣ ಹೋಗೋವಾಗ ಬಹುವಚನ ಯಾರಿಗೆ ನೆನಪಿರುತ್ತೆ?"

"ಇನ್ಮುಂದೆ?"

"ಇನ್ಮುಂದೆ ನೀನೂ ಹಾಗೇ ಕರಿ."

ಅವಳು ಸ್ಟೂಲನ್ನು ಗಾಜಿನ ಹತ್ತಿರಕ್ಕೆ ಎಳೆದುಕೊಂಡಳು. ಒಳಗೆ ಅವನು, ಹೊಸ ಪದವೊಂದನ್ನು ಬಾಯಲ್ಲಿಟ್ಟು ನೋಡುವವನಂತೆ ತಡೆತಡೆದು ಕೇಳಿದ.

"ನೀನು… ಊಟ ಮಾಡಿದ್ಯಾ?"

"ಇಲ್ಲ," ಎಂದಳು ಅವಳು. "ನೀನು ಬಂದ್ಮೇಲೆ."