ನಾಲ್ಕನೆಯ ಬೊಗಸೆ

ಬಹಳ ಬಹಳ ಹಿಂದೆ, ನಕ್ಷತ್ರಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ, ತೆರೆನಾಡು ಎಂಬ ರಾಜ್ಯವಿತ್ತು. ಅದರ ನಡುವೆ ಒಂದು ಸರೋವರ. ಎಂಥ ಸರೋವರ ಅಂತೀರಿ! ನಾಲ್ಕು ದಂಡೆ, ದಂಡೆಗೊಂದು ಕಾಲ. ಮೂಡಣದಲ್ಲಿ ಯಾವಾಗಲೂ ವಸಂತ, ತೆಂಕಣದಲ್ಲಿ ಬೇಸಿಗೆ, ಪಡುವಣದಲ್ಲಿ ಮಳೆಗಾಲ, ಬಡಗಣದಲ್ಲಿ ಹಿಮ ಸುರಿಯುವ ಚಳಿಗಾಲ. ಬೆಳಿಗ್ಗೆ ಹರಿಗೋಲು ಹತ್ತಿದವರು ಸಂಜೆಯೊಳಗೆ ಇಡೀ ವರ್ಷವನ್ನು ನೋಡಿ ಬರಬಹುದಿತ್ತು. ದೇಶದೇಶದಿಂದ ಜನ ಬರುತ್ತಿದ್ದರು.

ಅವರನ್ನು ಸುತ್ತಾಡಿಸುತ್ತಿದ್ದವರು ಅಂಬಿಗ ಬೊಮ್ಮಣ್ಣ ಮತ್ತು ಅವನ ತಂಗಿ ಕೆಂಚವ್ವ. ತಂದೆತಾಯಿ ಇಲ್ಲದ ಅವರಿಬ್ಬರಿಗೆ ಒಬ್ಬರಿಗೊಬ್ಬರೇ ದಿಕ್ಕು. ಅಣ್ಣ ಹುಟ್ಟು ಹಾಕುತ್ತಿದ್ದ, ತಂಗಿ ನೋಡಬೇಕಾದ್ದನ್ನೆಲ್ಲ ಕೈತೋರಿಸಿ ವಿವರಿಸುತ್ತಿದ್ದಳು.

ತೆರೆನಾಡಿನಲ್ಲಿ ಒಂದು ಪದ್ಧತಿ. ಬಂದ ಅತಿಥಿ ಪ್ರತಿ ದಂಡೆಯಲ್ಲೂ ಇಳಿದು ಬರಿಗೈಯಲ್ಲಿ ಬೊಗಸೆ ಒಡ್ಡಬೇಕು. ಅವನು ಏನು ಕೇಳಿದರೂ ನಾಡಿನವರು "ಕೊಟ್ಟೆ" ಅನ್ನಬೇಕು. ಜನ ಒಂದು ಹೂವೋ, ಒಂದು ಹಣ್ಣೋ ಕೇಳಿ ಸಂತೋಷವಾಗಿ ಹೋಗುತ್ತಿದ್ದರು.

ಒಂದು ದಿನ ಮಾಂತ್ರಿಕ ವಕ್ರಕೇತು ಬಂದ. ಮೂಡಣ ದಂಡೆಯಲ್ಲಿ ಬೊಗಸೆ ಒಡ್ಡಿ, "ನಿಮ್ಮ ವಸಂತ ಕೊಡಿ" ಅಂದ. ಅಲ್ಲಿಯವರು ಮುಖ ಮುಖ ನೋಡಿಕೊಂಡು "ಕೊಟ್ಟೆವು" ಅಂದುಬಿಟ್ಟರು! ಅಯ್ಯೋ ಪೆದ್ದುಗಳಾ! ನಾನಾಗಿದ್ದರೆ ಆ ಬೊಗಸೆಗೆ ಕೆಸರು ಸುರಿದು ಕಳಿಸುತ್ತಿದ್ದೆ. ತೆಂಕಣದವರು ಬೇಸಿಗೆ ಕೊಟ್ಟರು, ಪಡುವಣದವರು ಮಳೆಗಾಲ ಕೊಟ್ಟರು. ಮೂರನ್ನೂ ಅವನು ಚೀಲಕ್ಕೆ ತುಂಬಿಕೊಂಡ. ಬಡಗಣದಲ್ಲಿ ಮಾತ್ರ ಇಳಿಯಲೇ ಇಲ್ಲ. "ಥೂ, ಈ ಹಾಳು ಚಳಿ ಯಾರಿಗೆ ಬೇಕು!" ಅಂದ.

ಬೊಮ್ಮಣ್ಣನಿಗೆ ರೇಗಿತು. "ತಗೊಂಡಿದ್ದನ್ನ ಇಟ್ಟು ಹೋಗು!" ಎಂದು ಹುಟ್ಟು ಎತ್ತಿದ. ಮಾಂತ್ರಿಕ ಒಮ್ಮೆ ಉಫ್ ಅಂದ. ಸರೋವರ ಹೆಪ್ಪುಗಟ್ಟಿತು. ಎತ್ತಿದ ಹುಟ್ಟಿನೊಂದಿಗೆ ಬೊಮ್ಮಣ್ಣ ಹರಿಗೋಲಿನಲ್ಲೇ ಸೆಟೆದು ನಿಂತ, ಅವನ ಪಾದಗಳು ಮಂಜುಗಡ್ಡೆಯಾದವು. "ಮೂರು ದಿನಕ್ಕೆ ಇದು ನಿನ್ನ ಕುತ್ತಿಗೆ ಮುಟ್ಟುತ್ತೆ. ನಾಲ್ಕನೆಯ ದಿನ ಉಸಿರು ನಿಲ್ಲುತ್ತೆ" ಎಂದು ನಕ್ಕು ವಕ್ರಕೇತು ತನ್ನ ಕೋಟೆಗೆ ಹಾರಿಹೋದ. ಕೆಂಚವ್ವನನ್ನು ಅವನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಮೂರು ಕಾಲ ಕಳೆದುಕೊಂಡ ನಾಡಿನ ಮೇಲೆಲ್ಲ ಹಿಮ ಸುರಿಯತೊಡಗಿತು.

"ಅಣ್ಣಾ, ತಡಕೋ. ನಾನು ಬಂದೇ ಬರ್ತೀನಿ" ಎಂದು ಕೆಂಚವ್ವ ಹೊರಟಳು. ಕೋಟೆಗೆ ಇದ್ದದ್ದು ದಂಡೆಯ ಹಾದಿ ಒಂದೇ.

ಮೂಡಣ ದಂಡೆಯಲ್ಲಿ ಆನೆ ಗಾತ್ರದ ಜೇನುನೊಣ ಅಡ್ಡ ನಿಂತಿತು. ಮಾಂತ್ರಿಕ ಅದರ ನೆನಪನ್ನೂ ಕದ್ದಿದ್ದ. "ಇಲ್ಲಿ ಏನಿತ್ತು ಹೇಳು. ಹೇಳದಿದ್ದರೆ ಕೊಲ್ಲುತ್ತೇನೆ" ಎಂದು ಗುಂಯ್‌ಗುಟ್ಟಿತು.

"ಇಲ್ಲಿ ಹೊಂಗೆಯ ತೋಪಿತ್ತು" ಅಂದಳು ಕೆಂಚವ್ವ. "ಹೂ ಉದುರಿದರೆ ನೆಲವೇ ಕಾಣುತ್ತಿರಲಿಲ್ಲ. ರಾಜರು ಬಂದರೂ ತುಳಿಯಲು ಮನಸ್ಸಾಗದೆ ಬೆಳಿಗ್ಗೆಯಿಂದ ಸಂಜೆವರೆಗೆ ನಿಂತೇ ಇರುತ್ತಿದ್ದರು." ಜೇನುನೊಣ ದಾರಿ ಬಿಟ್ಟಿತು. ಅತ್ತ ಅಣ್ಣನ ಮಂಡಿ ಮಂಜಾಯಿತು.

ತೆಂಕಣ ದಂಡೆಯಲ್ಲಿ ಬೂದಿ ರೆಕ್ಕೆಯ ಗರುಡ ಎರಗಿತು. "ಇಲ್ಲಿ ಏನಿತ್ತು ಹೇಳು. ಹೇಳದಿದ್ದರೆ ಕೊಲ್ಲುತ್ತೇನೆ."

"ಇಲ್ಲಿ ಮಧ್ಯಾಹ್ನ ಸೂರ್ಯ ನೀರಿಗಿಳಿದು ಮೀಯುತ್ತಿದ್ದ. ಊರ ಮಕ್ಕಳು ಅವನ ಬೆನ್ನು ತಿಕ್ಕುತ್ತಿದ್ದರು. ಆಮೇಲೆ ವಾರವೆಲ್ಲ ಅವರ ಅಂಗೈ ಮಿನುಗುತ್ತಿತ್ತು." ಗರುಡ ರೆಕ್ಕೆ ಮಡಚಿತು. ಅತ್ತ ಅಣ್ಣನ ಸೊಂಟ ಮಂಜಾಯಿತು.

ಪಡುವಣ ದಂಡೆಯಲ್ಲಿ ಗುಡ್ಡದಷ್ಟು ದೊಡ್ಡ ಕಪ್ಪೆ. ಅದೂ ಅದನ್ನೇ ಕೇಳಿತು.

"ಇಲ್ಲಿ ಏಳು ಜಲಪಾತಗಳು ನೆಲದಿಂದ ಮೇಲಕ್ಕೆ ಧುಮುಕುತ್ತಿದ್ದವು. ಮೋಡಗಳು ಬಾಯೊಡ್ಡಿ ಕುಡಿಯುತ್ತಿದ್ದವು" ಎನ್ನುತ್ತಿದ್ದ ಹಾಗೇ ಕೆಂಚವ್ವ ಅಳತೊಡಗಿದಳು. "ಚಿಕ್ಕವಳಿದ್ದಾಗ ಆ ಸದ್ದಿಗೆ ಹೆದರಿ ಕಣ್ಣು ಮುಚ್ಚಿಕೊಂಡಿದ್ದೆ. ಅಣ್ಣ ಹೆಗಲ ಮೇಲೆ ಕೂರಿಸಿಕೊಂಡು, ನೋಡೇ, ನೋಡೇ, ಇಂಥದ್ದು ಇನ್ನೆಲ್ಲೂ ಇಲ್ಲ ಅಂದ. ಅವನೇ ಇಲ್ಲದಿದ್ದರೆ ನಾನು ಯಾವುದನ್ನು ನೋಡಿ ಏನು ಮಾಡಲಿ?" ಕಪ್ಪೆಯೂ ಅತ್ತುಬಿಟ್ಟಿತು. ಅತ್ತ ಅಣ್ಣನ ಕುತ್ತಿಗೆ ಮಂಜಾಯಿತು.

ಕಣ್ಣು ಒರೆಸಿಕೊಂಡಾಗ ಅವಳಿಗೊಂದು ಉಪಾಯ ಹೊಳೆಯಿತು. ನೆಟ್ಟಗೆ ಕೋಟೆಗೆ ನುಗ್ಗಿ ಕೈಮುಗಿದಳು. "ಸ್ವಾಮಿ, ತಮ್ಮ ಸುತ್ತಾಟ ಮುಗಿದಿಲ್ಲ. ನಾಲ್ಕನೆಯ ದಂಡೆಯಲ್ಲಿ ತಾವು ಬೊಗಸೆ ಒಡ್ಡಲೇ ಇಲ್ಲ. ಅದೂ ಸಿಕ್ಕಿದರೆ ಇಡೀ ವರ್ಷ ತಮ್ಮದೇ ಅಲ್ಲವೇ?"

"ಇಡೀ ವರ್ಷ!" ವಕ್ರಕೇತುವಿನ ಬಾಯಲ್ಲಿ ನೀರೂರಿತು. ಅವಳ ರಟ್ಟೆ ಹಿಡಿದು ಹಾರಿ, ಕಣ್ಣು ಮಿಟುಕಿಸುವುದರಲ್ಲಿ ಬಡಗಣ ದಂಡೆಗೆ ಇಳಿದ.

"ಬರಿಗೈ, ಸ್ವಾಮಿ."

ಅವನೇನು ಕಡಿಮೆಯವನೇ! ಚೀಲವನ್ನು ನೆಲಕ್ಕಿಟ್ಟು, ಅದರ ಮೇಲೆ ಕಾಲಿಟ್ಟುಕೊಂಡೇ ಬೊಗಸೆ ಒಡ್ಡಿದ. "ನಿಮ್ಮ ಚಳಿಗಾಲ ಕೊಡು."

"ಕೊಟ್ಟೆ" ಅಂದಳು ಕೆಂಚವ್ವ. "ಒಂದು ಹನಿಯೂ ಉಳಿಸದೆ ಕೊಟ್ಟೆ."

ಆಗ ನೋಡಿ! ನಾಡಿನ ಹಿಮವೆಲ್ಲ ಎದ್ದು ಬಂತು. ಬೆಟ್ಟಗಳಿಂದ ಬಂತು, ಸೂರುಗಳಿಂದ ಬಂತು, ಸರೋವರದ ತಳದಿಂದ ಬಂತು, ಬೊಮ್ಮಣ್ಣನ ಕುತ್ತಿಗೆ, ಸೊಂಟ, ಮಂಡಿ, ಪಾದಗಳಿಂದ ಬಂತು. ಆಕಾಶವೆಲ್ಲ ಬೆಳ್ಳಗಾಗಿ ಆ ಒಂದು ಬೊಗಸೆಗೆ ಸುರಿಯಿತು. ಚೆಲ್ಲೋಣವೆಂದರೆ ವಕ್ರಕೇತುವಿನ ಬೆರಳು ಬಿಡಲಿಲ್ಲ, ಮಂತ್ರ ಹೇಳೋಣವೆಂದರೆ ತುಟಿ ಆಡಲಿಲ್ಲ. ಮುಗಿಲು ಮುಟ್ಟುವ ಹಿಮದ ಬೆಟ್ಟವಾಗಿ ನಿಂತುಬಿಟ್ಟ. ಅವನ ಕಾಲಡಿಯಿಂದ ಕೆಂಚವ್ವ ಚೀಲ ಎಳೆದು ಗಂಟು ಬಿಚ್ಚಿದಳು. ಮೂಡಣಕ್ಕೆ ಹೂವು ಹಾರಿತು, ತೆಂಕಣಕ್ಕೆ ಬಿಸಿಲು, ಪಡುವಣಕ್ಕೆ ಮಳೆ. ಊರಿಗೆ ಊರೇ ಹೊರಗೆ ಬಂದು ಬಾಯಿ ಬಿಟ್ಟುಕೊಂಡು ನೋಡಿತು.

ನಡುನೀರಿನಿಂದ ಹರಿಗೋಲು ದಡಕ್ಕೆ ಬಂತು. ಬೊಮ್ಮಣ್ಣ ಹೂವನ್ನೂ ನೋಡಲಿಲ್ಲ, ಬಿಸಿಲನ್ನೂ ನೋಡಲಿಲ್ಲ. ಮೂರು ದಿನ ಹಿಮದಲ್ಲಿ ಬರಿಗಾಲಲ್ಲಿ ನಡೆದು ಸೀಳಿಹೋಗಿದ್ದ ತಂಗಿಯ ಪಾದಗಳನ್ನು ನೋಡಿದ. ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ತಿಕ್ಕತೊಡಗಿದ.

"ಸುತ್ತಲೂ ನೋಡೋ ಅಣ್ಣಾ, ಎಲ್ಲ ವಾಪಸು ಬಂದಿದೆ!" ಅಂದಳು ಅವಳು.

"ನೋಡ್ತಾ ಇದ್ದೀನಿ ಕಣೇ" ಅಂದ ಅವನು, ಪಾದದಿಂದ ಕಣ್ಣು ತೆಗೆಯದೆ.

ಆಮೇಲೆ ತೆರೆನಾಡಿನ ಜನ ಉಂಡುಟ್ಟು ನೂರು ವರ್ಷ ಬಾಳಿದರು. ಕೇಳಿದ ನಿಮಗೂ ನಾಲ್ಕು ಕಾಲವೂ ತಂಪಾಗಿರಲಿ.