ಮೂರು ಕತ್ತಿಯ ಕಾರ್ಡು

"ಕೆಳಗಿನ ಡ್ರಾಯರಲ್ಲಿ ಕಾರ್ಡುಗಳಿವೆ. ಅವನ್ನ ಮಾತ್ರ ಮುಟ್ಟಬೇಡಮ್ಮಾ. ಬೇರೇನು ಬೇಕಾದ್ರೂ ಮಾಡ್ಕೋ."

ಕೆಲಸಕ್ಕೆ ಸೇರಿದ ಮೊದಲ ದಿನವೇ ಹೆಡ್‌ಫೋನ್ ಮಾಮ ಹೀಗೆಂದಾಗ ಹೊಸ ಬರಹಗಾರ್ತಿಗೆ ನಗು ತಡೆಯಲಾಗಲಿಲ್ಲ. ಮಾಮ ಆ ಸ್ಟುಡಿಯೋದಲ್ಲಿ ಧ್ವನಿ ರೆಕಾರ್ಡ್ ಮಾಡುವವರು. ಮಲಗುವಾಗಲೂ ಕುತ್ತಿಗೆಯಿಂದ ಹೆಡ್‌ಫೋನ್ ತೆಗೆಯುವುದಿಲ್ಲವೆಂದು ಎಲ್ಲರೂ ಅವರನ್ನು ಆಡಿಕೊಳ್ಳುತ್ತಿದ್ದರು. ಅಲ್ಲಿಂದ ದಿನಕ್ಕೊಂದು ಕಂತಿನಂತೆ ಪ್ರಸಾರವಾಗುವ ರೇಡಿಯೋ ಧಾರಾವಾಹಿಗೆ ಇನ್ನು ಮುಂದೆ ಅವಳು ಬರೆಯಬೇಕಿತ್ತು. ಹೊಸದಾಗಿ ಶುರುವಾಗಲಿದ್ದದ್ದು ಅಕ್ಕತಂಗಿಯರ ಕತೆ. ಆ ಎರಡು ಪಾತ್ರಗಳಿಗೆ ಸ್ಟುಡಿಯೋದವರ ಬಾಯಲ್ಲಿ ದೊಡ್ಡವಳು, ಚಿಕ್ಕವಳು ಎಂದಷ್ಟೇ ಹೆಸರು.

"ಮುಟ್ಟಿದ್ರೆ ಏನಾಗುತ್ತೆ ಮಾಮಾ? ಕಚ್ಚುತ್ವಾ?"

ಮಾಮ ನಗಲಿಲ್ಲ. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನಿನಗಿಂತ ಮುಂಚೆ ಇದ್ದವರು ಭವಿಷ್ಯ ನೋಡೋ ಟ್ಯಾರೋ ಕಾರ್ಡು ಹಾಕಿ ಕತೆ ಬರೀತಿದ್ರು. ಪಾತ್ರದ ಹೆಸರಲ್ಲಿ ಕಾರ್ಡು ಹಾಕಿದ್ಮೇಲೆ, ಬಂದದ್ದನ್ನ ಆ ಪಾತ್ರಕ್ಕೇ ಬರೆದು ತೀರಿಸಬೇಕು. ಬರೀದೆ ಬಿಟ್ರೆ ಅದು ಸುಮ್ನಿರಲ್ಲ. ಆ ಪಾತ್ರಾನ ಯಾರನ್ನ ನೋಡಿ ಬರೆದಿದ್ಯೋ ಅವರನ್ನ ಹುಡುಕ್ಕೊಂಡು ಹೋಗುತ್ತೆ."

ಕಾರ್ಡು ಬೀಳುವ ಮನುಷ್ಯನನ್ನು ತೋರಿಸಿದ್ದರೂ ಹಿಂದಿನ ಬರಹಗಾರರು ಕತೆಯ ತಂದೆಯ ಮೇಲೆ ಕರುಣೆ ತೋರಿಸಿ ಬೀಳಿಸಲಿಲ್ಲವಂತೆ. ಅದೇ ವಾರ ಅವರ ಸ್ವಂತ ತಂದೆ ಮೆಟ್ಟಿಲಿಂದ ಉರುಳಿ ತೀರಿಕೊಂಡರಂತೆ.

"ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಗಿರುತ್ತೆ, ಅಷ್ಟೇ" ಎಂದು ಅವಳು ಕೈ ಒದರಿದಳು. ಓದಿದ ಹುಡುಗಿಯರಿಗೆ ಇಂಥ ಮಾತು ಬಾಯ ತುದಿಯಲ್ಲೇ ಇರುತ್ತದೆ.

ದೊಡ್ಡವಳನ್ನು ಯಾರನ್ನು ನೋಡಿ ಬರೆಯುತ್ತಿದ್ದೇನೆ ಎಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅದು ಅವಳ ಅಕ್ಕ. ತಾಯಿ ತೀರಿಕೊಂಡಾಗ ಅಕ್ಕನಿಗೆ ಹದಿನೆಂಟು, ಇವಳಿಗೆ ಆರು. ಅಕ್ಕ ಓದು ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತವಳು ಇವತ್ತಿಗೂ ಎದ್ದಿಲ್ಲ. ಈ ಲೋಕದಲ್ಲಿ ಇವಳದು ಎನ್ನಲು ಅವಳೊಬ್ಬಳೇ. ಅಕ್ಕ ತುಟಿಗಳ ನಡುವೆ ಗುಂಡುಪಿನ್ನುಗಳನ್ನು ಕಚ್ಚಿಕೊಂಡೇ ಮಾತಾಡುವುದು, ಬೈಯುವುದು, ನಗುವುದು, ಎಲ್ಲವನ್ನೂ ಎತ್ತಿ ದೊಡ್ಡವಳಿಗೆ ಕೊಟ್ಟುಬಿಟ್ಟಿದ್ದಳು. ಬರೆಯುವವರ ಕೈ ಕಳ್ಳರ ಕೈ, ಮನೆಯವರ ಜೇಬನ್ನೂ ಬಿಡುವುದಿಲ್ಲ.

ಎರಡು ವಾರ ಸಲೀಸಾಗಿ ನಡೆದ ಕತೆ ಮೂರನೆಯ ವಾರ ನಿಂತುಹೋಯಿತು. ಈ ಅಕ್ಕತಂಗಿಯರ ನಡುವೆ ಇರುವುದಾದರೂ ಏನು? ಬರೀ ಪ್ರೀತಿಯೇ? ಋಣದ ಭಾರವೇ? ಒಳಗೊಳಗೇ ಒಂದಿಷ್ಟು ಹೊಟ್ಟೆಯುರಿಯೇ? ಊಟದ ಹೊತ್ತಿನಲ್ಲಿ ಕೋಣೆ ಖಾಲಿಯಾದಾಗ ಅವಳು ಕೆಳಗಿನ ಡ್ರಾಯರನ್ನು ಎಳೆದಳು.

ಕಾರ್ಡುಗಳು ಬಳಸಿ ಬಳಸಿ ಬಟ್ಟೆಯಂತೆ ಮೆತ್ತಗಾಗಿದ್ದವು. ದೊಡ್ಡವಳ ಹೆಸರಿನಲ್ಲಿ ಒಂದು ಹಾಕಿದಳು, ಸಿಂಹಾಸನದಲ್ಲಿ ಕೂತ ರಾಣಿ. ಚಿಕ್ಕವಳ ಹೆಸರಿನಲ್ಲಿ ಒಂದು, ಬೆನ್ನು ತಿರುಗಿಸಿ ನಡೆದುಹೋಗುವ ದಾರಿಹೋಕ. ಇಬ್ಬರ ನಡುವೆ ಏನಿದೆ ಎಂದು ಮೂರನೆಯದನ್ನು ತಿರುಗಿಸಿದಳು. ಕೆಂಪು ಹೃದಯ. ಅದನ್ನು ತೂರಿ ನಿಂತ ಮೂರು ಕತ್ತಿಗಳು.

ಜೊತೆಯಲ್ಲಿದ್ದ ಪುಟ್ಟ ಪುಸ್ತಕದಲ್ಲಿ ಹಿಂದಿನ ಬರಹಗಾರರು ಪೆನ್ಸಿಲಿನಲ್ಲಿ ಬರೆದಿದ್ದರು: 'ಕರುಳ ಸಂಬಂಧ ಕಡಿಯುವುದು. ಇಲ್ಲವೇ ಸಾವು.'

ಆಗ ಕಿಟಕಿಯಿಲ್ಲದ ಆ ಕೋಣೆಯಲ್ಲಿ ಒಂದು ವಾಸನೆ ತೇಲಿಬಂತು. ಹೊಲಿಗೆ ಯಂತ್ರದ ಎಣ್ಣೆ, ಗುರುತು ಹಾಕುವ ಸೀಮೆಸುಣ್ಣ, ಇಸ್ತ್ರಿಯ ಕೆಳಗೆ ಬೇಯುವ ಒದ್ದೆ ಬಟ್ಟೆ. ಅಕ್ಕನ ಹೊಲಿಗೆ ಅಂಗಡಿಯ ವಾಸನೆ. ಅವಳ ಮೈ ಜುಮ್ಮೆಂದಿತು. ನನ್ನ ಬಟ್ಟೆಯದೇ ಇರಬೇಕೆಂದು ಸಮಾಧಾನ ಹೇಳಿಕೊಂಡು, ಹಟಕ್ಕೆಂಬಂತೆ ಮೂರು ಕತ್ತಿಯ ಕಾರ್ಡಿನ ಮೇಲೆ ಚಹಾ ಲೋಟ ಇಟ್ಟಳು.

ಕಾರ್ಡು ಹೇಳಿದಂತೆಯೇ ಜಗಳದ ಕಂತು ಬರೆದಳು. ಚೆನ್ನಾಗಿಯೂ ಬಂದಿತ್ತು. ಆದರೆ ಧಾರಾವಾಹಿಯ ನಿರ್ಮಾಪಕಿ ಮೇಡಂ ಓದಿ ಮುಖ ಕಿವುಚಿದರು. "ಕೇಳೋರು ಕಣ್ಣೀರು ಹಾಕ್ಲಿ, ಆದ್ರೆ ಕೊನೇಲಿ ಅಕ್ಕತಂಗಿ ತಬ್ಕೋಬೇಕು. ಬದಲಾಯಿಸು." ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಬರೆದದ್ದನ್ನೆಲ್ಲ ಹೊಡೆದುಹಾಕಿ ಇಬ್ಬರನ್ನೂ ತಬ್ಬಿಸಿದಳು. ಕಾರ್ಡು ಹೇಳಿದ್ದನ್ನು ಬರೆಯದೆಯೂ ಏನೂ ಆಗಲಿಲ್ಲ, ಮಾಮನ ಭಯಕ್ಕೆ ತಕ್ಕ ಉತ್ತರ ಸಿಕ್ಕಿತೆಂದು ಒಳಗೊಳಗೇ ಖುಷಿಯೂ ಆಯಿತು.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ರೆಕಾರ್ಡಿಂಗ್. ದೀಪದ ಗುಂಯ್‌ಗುಡುವಿಕೆ ಮೈಕಿಗೆ ಸಿಗುತ್ತದೆಂದು ಒಳಗಿನ ಕೋಣೆಯಲ್ಲಿ ಓದುವ ಹಾಳೆಗಷ್ಟೇ ಬೆಳಕು. ಉಳಿದದ್ದೆಲ್ಲ ಕತ್ತಲೆ. ಅವಳು ಗಾಜಿನ ಈಚೆ ಮಾಮನ ಪಕ್ಕ ಕೂತು ಹೆಡ್‌ಫೋನ್ ಹಾಕಿಕೊಂಡಳು. ದೊಡ್ಡವಳ ಪಾತ್ರದ ನಟಿ ತಬ್ಬಿಕೊಳ್ಳುವ ಮಾತಿಗೆ ಬಂದಳು.

"ಬಾರೇ, ಹತ್ತಿರ ಬಾ..."

ಅದೇ ಹೊತ್ತಿಗೆ ಕಿವಿಯಲ್ಲಿ ಟಿಣ್ ಎಂದಿತು.

ತಗಡಿನ ಡಬ್ಬಿಗೆ ಪಿನ್ನು ಬಿದ್ದ ಸದ್ದು. ನಟಿಯ ಕೈಯಲ್ಲಿ ಹಾಳೆ ಬಿಟ್ಟು ಬೇರೇನೂ ಇರಲಿಲ್ಲ. ಮತ್ತೆ ಟಿಣ್. ಮತ್ತೆ. ಆಮೇಲೆ ಕೆಮ್ಮು. ಗಂಟಲಲ್ಲಿ ಏನೋ ಸಿಕ್ಕಿಕೊಂಡವರ ಒದ್ದಾಟದ ಕೆಮ್ಮು. ಗಾಜಿನಾಚೆ ನಟಿಯ ಬಾಯಿ ಮುಚ್ಚಿತ್ತು.

"ಚಿಕ್ಕೂ..." ಎಂದಿತು ಹೆಡ್‌ಫೋನು. ಅಕ್ಕನ ದನಿ. ಅವಳನ್ನು ಹಾಗೆ ಕರೆಯುವವಳು ಅಕ್ಕನೊಬ್ಬಳೇ.

ಮಾಮನ ಮುಖ ಸುಣ್ಣದಂತೆ ಬಿಳಿಚಿಕೊಂಡಿತು. ಅವರಿಗೂ ಕೇಳಿಸಿತ್ತು. ಅಷ್ಟರಲ್ಲಿ ಅವಳ ಫೋನು ಅದುರಿತು. ಅಕ್ಕನ ಅಂಗಡಿಯಲ್ಲಿ ಗುಂಡಿಗೆ ಕಾಜಾ ಹಾಕುವ ಹೆಂಗಸು ಕಿರುಚುತ್ತಿದ್ದಳು. "ಪಿನ್ನು ನುಂಗ್ಬಿಟ್ರು! ಮೂರು ಪಿನ್ನು! ಉಸಿರು ಬರ್ತಿಲ್ಲ, ಮುಖ ನೀಲಿ ಆಗ್ತಿದೆ! ಆಂಬುಲೆನ್ಸು ಇನ್ನೂ ಬಂದಿಲ್ಲ!"

ಅವಳು ಬಾಗಿಲಿಗೆ ಹಾರಿದಳು. ಮಾಮ ರಟ್ಟೆ ಹಿಡಿದರು.

"ಕಾರ್ಡು ಹಾಕಿದ್ಯಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಏನು ಬಂತು?"

"ಸಂಬಂಧ ಕಡಿಯೋದು. ಇಲ್ಲಾ ಸಾವು. ಮಾಮಾ ಬಿಡಿ, ನನ್ನಕ್ಕ..."

"ನೀನು ಅಲ್ಲಿಗೆ ಮುಟ್ಟೋಷ್ಟರಲ್ಲಿ ಮುಗಿದಿರುತ್ತೆ. ನಿನಗಿಂತ ಮುಂಚೆ ಇದ್ದವರೂ ಹಾಗೇ ಓಡಿದ್ರು. ಬರಿ! ಇಲ್ಲೇ, ಈಗ್ಲೇ ಬರಿ."

"ದೊಡ್ಡವಳನ್ನ ಸಾಯಿಸ್ತೀನಿ! ಕತೇಲಿ ಸಾಯ್ಲಿ ಅವಳು!"

"ಅಯ್ಯೋ, ಬೇಡ! ಒಂದ್ಸಲ ಹೊರಟಿದ್ದು ಬರಿಗೈಲಿ ವಾಪಸ್ ಬರಲ್ಲ. ಈಗ ನೀನು ಏನು ಬರೀತೀಯೋ ಅದು ಕತೆಯವಳಿಗೂ ಆಗುತ್ತೆ, ನಿನ್ನಕ್ಕನಿಗೂ ಆಗುತ್ತೆ. ಎರಡರಲ್ಲಿ ಒಂದು ಆರಿಸ್ಕೋ."

ಅವಳು ಹಾಳೆ ಎಳೆದುಕೊಂಡಳು. ಪೆನ್ನು ಜಾರಿತು. ಎತ್ತಿಕೊಂಡಳು. ಎಣ್ಣೆಯ ವಾಸನೆ ಮೂಗಿಗೆ ರಾಚಿತು. ಗೋಡೆಯೊಳಗಿಂದ ಹೊಲಿಗೆ ಯಂತ್ರದ ಸದ್ದು. ಟಕಟಕಟಕ. ಫೋನಿನಲ್ಲಿ ಕಿರುಚಾಟ. ಹೆಡ್‌ಫೋನಿನಲ್ಲಿ ಸೀಳಿದ ಉಸಿರು. ಒಂದು. ತಡೆದು ಇನ್ನೊಂದು. ಇನ್ನೂ ತಡೆದು ಮತ್ತೊಂದು. ಏನು ಕಡಿಯಲಿ? ಜಗಳ ಬರೆದರೆ ಸಾಕೇ? ಸಾಲದು. ನಾಳೆ ರಾಜಿಯಾಗುವ ಜಗಳ ಕಡಿದಂತಲ್ಲ. ಅವಳಿಗೆ ಗೊತ್ತಿತ್ತು. ಅಳುತ್ತಲೇ ಬರೆದಳು. ಒಂದೇ ಸಾಲು.

ಹಾಳೆ ಹಿಡಿದು ಕತ್ತಲೆಯ ಕೋಣೆಗೆ ನುಗ್ಗಿದಳು. "ಓದಿ! ಬೇಗ ಓದಿ!"

ನಟಿ ಹೆದರಿ ಓದಿದಳು. "ಯಾರು ನೀನು? ನನಗೆ ತಂಗಿ ಅಂತ ಯಾರೂ ಇಲ್ಲ, ಯಾವತ್ತೂ ಇರಲಿಲ್ಲ."

ಯಂತ್ರದ ಸದ್ದು ನಿಂತಿತು. ಫೋನಿನಲ್ಲಿ ಯಾರೋ ಗಟ್ಟಿಯಾಗಿ ಕೆಮ್ಮಿದರು, ಕಾರಿದರು. ಕಾಜಾ ಹೆಂಗಸು ಜೋರಾಗಿ ಅತ್ತಳು. "ಬಂತು! ಮೂರೂ ಪಿನ್ನು ಹೊರಗೆ ಬಂತು! ಉಸಿರಾಡ್ತಿದಾರೆ!"

ಅಂಗಡಿ ಊರಿನ ಇನ್ನೊಂದು ತುದಿಯಲ್ಲಿ. ಆಟೋ ಹತ್ತಿ ಓಡಿದಳು. ಹೋಗುವಷ್ಟರಲ್ಲಿ ಆಂಬುಲೆನ್ಸಿನವರು ನೋಡಿ ಹೋಗಿದ್ದರು. ಅಕ್ಕ ಮೇಜಿಗೆ ಒರಗಿ ನೀರು ಕುಡಿಯುತ್ತಿದ್ದಳು. ತುಟಿಯ ಮೇಲೆ ರಕ್ತದ ಒಂದು ಗೆರೆ ಇತ್ತು. ಅಕ್ಕ ಬದುಕಿದ್ದಳು. ಅದನ್ನು ಕಂಡು ಅವಳು ಅಳುತ್ತಾ ನಗುತ್ತಾ ಒಳಗೆ ನುಗ್ಗಿದಳು.

"ಅಕ್ಕಾ!"

ಅಕ್ಕ ತಲೆಯೆತ್ತಿ ನೋಡಿದಳು. ಆ ಕಣ್ಣಲ್ಲಿ ಕೋಪವಿದ್ದಿದ್ದರೂ ತಂಗಿ ತಡೆದುಕೊಳ್ಳುತ್ತಿದ್ದಳು.

"ಹೇಳಿ ಮೇಡಂ, ಏನು ಹೊಲಿಸ್ಬೇಕಿತ್ತು?"

ಕಾಜಾ ಹೆಂಗಸು ಕೂಡ ಸೂಜಿಯಿಂದ ತಲೆಯೆತ್ತಿ ಇವಳನ್ನು ಗಿರಾಕಿಯನ್ನು ನೋಡುವಂತೆ ನೋಡಿದಳು. ಅರ್ಧ ಗಂಟೆಯ ಕೆಳಗೆ ಇವಳಿಗೇ ಫೋನು ಮಾಡಿದ್ದವಳು. ಮೂವರೂ ಇದ್ದ ಗೋಡೆಯ ಫೋಟೋದಲ್ಲಿ ಈಗ ತಾಯಿಯ ಪಕ್ಕ ಅಕ್ಕ ಒಬ್ಬಳೇ ನಿಂತಿದ್ದಳು.

ಅವಳಿಗೆ ಕೂಗಿ ಹೇಳಬೇಕೆನಿಸಿತು. ಹೇಳಿದರೆ ಆ ಕೆಮ್ಮು ಮತ್ತೆ ಶುರುವಾದರೆ? ಭಯ ನಾಲಿಗೆಯನ್ನು ಕಚ್ಚಿ ಹಿಡಿಯಿತು.

"ಒಂದು... ಅಂಗಿ ಹೊಲಿಸ್ಬೇಕಿತ್ತು."

"ಅಳತೆ ತಗೋತೀನಿ, ಕೈ ಎತ್ತಿ."

ಎತ್ತಿದಳು. ಅಕ್ಕನ ಎರಡೂ ತೋಳು ಅವಳನ್ನು ಬಳಸಿ ಬಂದವು. ಬೆನ್ನ ಹಿಂದೆ ಟೇಪು ಸುತ್ತಿ ಮುಂದಕ್ಕೆ ಎಳೆದುಕೊಂಡವು. ಆ ತೋಳು ಇನ್ನೊಂದು ಕ್ಷಣ ಅಲ್ಲೇ ಇರಲಿ ಎಂದು ಅವಳು ಮಿಸುಕದೆ ನಿಂತಳು.

"ಉಸಿರು ಬಿಡಿ ಮೇಡಂ" ಎಂದಳು ಅಕ್ಕ. "ಹೀಗೆ ಬಿಗಿ ಹಿಡಿದ್ರೆ ಅಳತೆ ತಪ್ಪುತ್ತೆ."