ವಕಾರನ ಸ್ಪಾರ್ಕ್ ಪ್ಲಗ್

ಇದನ್ನು ಹೇಳಿದರೆ ಮರ್ಯಾದೆ ಹೋಗುವುದು ನನ್ನದೇ. ಆದರೆ ನಡೆದದ್ದು ಹೀಗೆ.

ಗಾಜಿಪುರದಲ್ಲಿ ನನ್ನದೂ ಪಕ್ಕದ ಮನೆಯ ವಕಾರನದೂ ಒಂದೇ ವರ್ಷದ ಯೆಜ್ದಿ ಬೈಕುಗಳು. ನನ್ನದಕ್ಕೆ ಹತ್ತು ಕಿಕ್ ಬೇಕು, ಅವನದಕ್ಕೆ ಒಂದೇ ಸಾಕು. ಅವನ ಗಾಡಿಯ ಸದ್ದು ಕೇಳಲೆಂದೇ ಓಣಿಯವರು ಬಾಗಿಲಿಗೆ ಬರುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು.

ಹೋದ ಜನವರಿಯ ಒಂದು ಭಾನುವಾರ ಇಬ್ಬರೂ ಕಮಲಾಪುರಕ್ಕೆ ಹೊರಟೆವು. ವಕಾರ್ ಹೆಲ್ಮೆಟ್ ತರಲು ಒಳಗೆ ಹೋದಾಗ, ನಾನು ಪಾನಾ ಹಾಕಿ ಅವನ ಇಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಮೇಲಿನ ಕ್ಯಾಪನ್ನು ಮೊದಲಿನಂತೆಯೇ ಇಟ್ಟೆ. ಅದಿಲ್ಲದೆ ಕಿಡಿ ಹತ್ತದು, ಗಾಡಿ ಶುರುವಾಗದು; ಒಂದು ದಿನವಾದರೂ ಅವನು ಓಣಿಯೆದುರು ಒದ್ದು ಒದ್ದು ಬೆವರಲಿ ಎಂದಿತ್ತು ನನಗೆ.

ವಕಾರ್ ಬಂದು ಒಮ್ಮೆ ಒದ್ದ. ಗಾಡಿ ಶುರುವಾಯಿತು.

"ನಡೀರಿ ಅಣ್ಣಾ, ಯಾಕ್ ನಿಂತ್ರಿ?" ಅಂದ.

ಹಿಂದೆಯೇ ಹೋದೆ. ಅವನ ಸೈಲೆನ್ಸರಿನಿಂದ ಹೊಗೆ ಬರಲಿಲ್ಲ, ಸುಟ್ಟ ಎಣ್ಣೆಯ ವಾಸನೆಯೂ ಇರಲಿಲ್ಲ. ನನ್ನ ಜೇಬಿನ ಪ್ಲಗ್ ಮಾತ್ರ ಬಿಸಿಯಾಗುತ್ತ ಹೋಯಿತು. ಕಮಲಾಪುರ ಮುಟ್ಟುವಷ್ಟರಲ್ಲಿ ತೊಡೆಯ ಮೇಲೆ ಬೊಬ್ಬೆ ಎದ್ದಿತ್ತು.

ಅಲ್ಲಿ ಅವನು ಗಾಡಿ ಆರಿಸದೆ ಬಾಳೆಹಣ್ಣು ಕೊಳ್ಳಲು ಹೋದ. ನಾನು ಕ್ಯಾಪ್ ಎತ್ತಿ ನೋಡಿದೆ. ತೂತು ಖಾಲಿಯಿತ್ತು. ಓಡುತ್ತಿದ್ದ ಇಂಜಿನ್ ಮುಟ್ಟಿದರೆ ಮಣ್ಣಿನ ಕೊಡದಂತೆ ತಣ್ಣಗಿತ್ತು.

"ಇವತ್ತ ಭಾಳ ಛಲೋ ಓಡ್ಲಾಕತ್ತಾದ್ ನೋಡ್ರಿ," ಅಂದ ವಕಾರ್, ಹಣ್ಣು ನನ್ನ ಕೈಗಿಡುತ್ತ.

ಹೆದರಿದ್ದೆ, ನಿಜ. ಅದಕ್ಕಿಂತ ಹೆಚ್ಚು ಆಸೆಯಾಗಿತ್ತು. ಮರುದಿನ ಅವನು ಗಾಡಿಯ ಕೀಲಿ ತೆಗೆದುಕೊಂಡು ಎಂದಿನಂತೆ ಬಸ್ಸಿನಲ್ಲಿ ನಂದೂರಿನ ದಾಲ್ ಮಿಲ್ಲಿಗೆ ಕೆಲಸಕ್ಕೆ ಹೋದ ಮೇಲೆ, ಆ ಪ್ಲಗ್ಗನ್ನು ನನ್ನ ಗಾಡಿಗೆ ಕೂಡಿಸಿ ಕಿಕ್ ಹೊಡೆದೆ.

ನನ್ನದು ಸುಮ್ಮನೆ ನಿಂತಿತ್ತು. ಗೋಡೆಯಾಚೆ ವಕಾರನ ಗಾಡಿ ಶುರುವಾಯಿತು.